ಹಳಿ ಕಲಿಯಲು ಹೋಗಿ ಕಣಿ ಕಲಿತೆ

(ಉಡುಪಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮೈಕ್ ಕೈಕೊಟ್ಟ ಐದು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಿದೆ. ಇಂಥ ಮಳೆಯಲ್ಲೂ ಬಂದಿದ್ದೀರಿ ಅಂದರೆ ಒಂದೋ ನಿಮಗೆ ರೈಲು ಅಂದರೆ ಪ್ರೀತಿ, ಇಲ್ಲಾ ಮಕ್ಕಳ ಇಂಟರ್ನ್‌ಶಿಪ್ಪಿನ ಚಿಂತೆ. ಎರಡನೆಯವರೇ ಜಾಸ್ತಿ ಇದ್ದೀರಿ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಕೆಳಗಿನ ಕ್ಯಾಂಟೀನಿನಿಂದ ಎರಡು ಗಾಜಿನ ಲೋಟ ತಂದಿದ್ದೇನೆ. ಎರಡರಲ್ಲೂ ನೀರಿದೆ. ಒಂದಕ್ಕೆ ಮುರಕಲ್ಲಿನ ತುಂಡು ಹಾಕುತ್ತೇನೆ, ನಮ್ಮ ಮನೆಗಳ ಗೋಡೆಗೆ ಬಳಸುವ ಅದೇ ಕೆಂಪು ಕಲ್ಲು. ಇನ್ನೊಂದಕ್ಕೆ ಈ ಒಣಗಿದ ಬಿಳಿ ಉಂಡೆ. ಲೋಟ ಇಲ್ಲೇ ಮೇಜಿನ ಮೇಲೆ ಇರಲಿ. ಯಾರೂ ಕುಡಿಯಬೇಡಿ.

ನಾನು ರೈಲ್ವೆಯವಳಲ್ಲ. ಕೆಲವು ವರ್ಷದ ಹಿಂದೆ, ಕೊನೆಯ ಸೆಮಿಸ್ಟರಿನಲ್ಲಿ, ಹಳಿ ನೋಡಿಕೊಳ್ಳುವ ಸೆಕ್ಷನ್ ಒಂದರಲ್ಲಿ ನಾಲ್ಕು ತಿಂಗಳು ತರಬೇತಿಗೆ ಇದ್ದವಳು. ಈಗ ಗುಡ್ಡದ ಇಳಿಜಾರು, ತಡೆಗೋಡೆ, ಚರಂಡಿ ಇಂಥವುಗಳ ಡಿಸೈನ್ ಮಾಡುವ ಸಣ್ಣ ಆಫೀಸಿನಲ್ಲಿದ್ದೇನೆ. ಈ ಎರಡಕ್ಕೂ ನಂಟು ಉಂಟು. ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಸೇತುವೆ ಮತ್ತು ಸುರಂಗ. ಯಾರ ತಲೆಯಲ್ಲಾದರೂ ಅದೇ ಇರುತ್ತದೆ, ಅಲ್ವಾ? ಕೊಂಕಣ ರೈಲ್ವೆ ಅಂದರೆ ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಪಕ್ಕದ ನಮ್ಮ ತೋಕೂರಿನವರೆಗೆ 740 ಕಿ.ಮೀ. ಹತ್ತಿರದ ದಾರಿ, 90ಕ್ಕೂ ಮೇಲೆ ಸುರಂಗ, ಸಣ್ಣದು ದೊಡ್ಡದು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೇ ಆರೂವರೆ ಕಿ.ಮೀ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿ.ಮೀ. ದಾಟುತ್ತದೆ. 1990ರಲ್ಲಿ ನಿಗಮ ಶುರುವಾದಾಗ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ. ನಿಗಮದ ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್. ದಾರಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಆದರೆ ಮಂಗಳೂರು–ಉಡುಪಿ ತುಂಡು ಅದಕ್ಕೂ ಸುಮಾರು ಐದು ವರ್ಷ ಮೊದಲೇ, 1993ರ ಮಾರ್ಚ್‌ನಲ್ಲೇ ಶುರುವಾಗಿತ್ತು. ಉಡುಪಿ ಸ್ಟೇಷನ್ ಇರುವ ಇಂದ್ರಾಳಿಗೆ ರೈಲು ಬಂದಾಗ ನಮ್ಮ ದೊಡ್ಡಮ್ಮ ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗಿದ್ದರಂತೆ. ಹತ್ತಲಿಲ್ಲ, ಸುಮ್ನೆ ನೋಡಿ ಬಂದರು.

ಇಂಥದ್ದನ್ನು ಕೇಳಿ ಬೆಳೆದವಳಿಗೆ ತರಬೇತಿಯಲ್ಲಿ ಕೊಟ್ಟ ಕೆಲಸ ಏನು ಗೊತ್ತಾ? ಚರಂಡಿ ಅಳೆಯುವುದು.

ಅಲ್ಲಿಗೆ ಬರುವ ಮೊದಲು, ಅರ್ಜಿ ಹಾಕುವವರಿಗೆ ಒಂದು ಮಾತು. ಮಂಗಳೂರು ಅಂದರೆ ಮೂರು ಮನೆಯ ಅಂಗಳ ಸೇರುವ ಜಾಗ. ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಸುಬ್ರಹ್ಮಣ್ಯ, ಸಕಲೇಶಪುರದ ಕಡೆಗೆ ಹೋಗುವ ದಾರಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಎಲ್ಲ ಹಳಿಯೂ ಒಂದೇ ಥರ ಕಾಣುತ್ತದೆ. ಆದರೆ ಪತ್ರ ಯಾರ ಹೆಸರಿಗೆ ಅನ್ನುವುದು ಬೇರೆ ಬೇರೆ. ನಾನು ಪತ್ರ ಟೈಪ್ ಮಾಡುವಾಗ ವಿಭಾಗದ ಹೆಸರೇ ತಪ್ಪು ಹಾಕಿದ್ದೆ. ಅದಕ್ಕೆ ಮೂರು ವಾರ ಹೋಯಿತು. ನೀವು ಹಾಗೆ ಮಾಡಬೇಡಿ.

ಮೊದಲ ದಿನ ನನ್ನನ್ನು ಕೀಮ್ಯಾನ್ ಜೊತೆ, ಅಂದರೆ ನಡೆದು ಹಳಿ ಪರೀಕ್ಷಿಸುವವರ ಜೊತೆ ಕಳಿಸಿದರು. ಅಂಕೋಲೆ ಕಡೆಯವರು, ಐವತ್ತು ದಾಟಿದವರು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಸ್ಪ್ಯಾನರು, ಕೆಂಪು ಹಸಿರು ಬಾವುಟ, ಡಿಟೋನೇಟರ್ ಡಬ್ಬಿ. ಅವರ ಪಾಲಿಗೆ ಆರು ಕಿ.ಮೀ. ದಾರಿ. ಹೋಗುವಾಗ ಒಂದು ಹಳಿ ನೋಡುತ್ತಾರೆ, ಬರುವಾಗ ಇನ್ನೊಂದು. ದಿನಾ. ಹಳಿಯನ್ನು ಅದರ ಕೆಳಗಿನ ಅಡ್ಡ ತೊಲೆಗೆ, ಅಂದರೆ ಸ್ಲೀಪರಿಗೆ, ಕಚ್ಚಿ ಹಿಡಿಯುವ ಬಾಗಿದ ಕಬ್ಬಿಣದ ಕ್ಲಿಪ್ ನೋಡಿರುತ್ತೀರಿ. ಕಿಲೋಮೀಟರಿಗೆ 1660 ಸ್ಲೀಪರ್, ಒಂದಕ್ಕೆ ನಾಲ್ಕು ಕ್ಲಿಪ್. ಲೆಕ್ಕ ಹಾಕಿ. ಆರು ಕಿ.ಮೀ.ಗೆ 40 ಸಾವಿರದ ಹತ್ತಿರ. ಬಿಗಿಯಾಗಿರುವ ಕ್ಲಿಪ್ಪಿಗೆ ಸುತ್ತಿಗೆ ತಾಗಿದರೆ ಟಣ್ ಅನ್ನುತ್ತದೆ, ಸಡಿಲ ಇದ್ದರೆ ಟಪ್. ಅವರು ಎಲ್ಲದಕ್ಕೂ ಬಡಿಯುವುದಿಲ್ಲ. ನಡೆಯುತ್ತಾ ನಡೆಯುತ್ತಾ ನಿಂತು ಒಂದಕ್ಕೆ ಬಡಿದರೆ, ಅದು ಟಪ್ ಅನ್ನುವ ಕ್ಲಿಪ್ಪೇ ಆಗಿರುತ್ತಿತ್ತು. ಹೇಗೆ ಗೊತ್ತಾಗುತ್ತದೆ ಅಂತ ನಾಲ್ಕು ತಿಂಗಳಾದರೂ ನನಗೆ ಹಿಡಿಯಲಿಲ್ಲ.

ಸ್ಲೀಪರ್ ಮೇಲೆ ನಡೆಯುವುದೇ ಒಂದು ವಿದ್ಯೆ. ನಡುವಿನ ಅಂತರ 60 ಸೆಂ.ಮೀ. ಒಂದು ಹೆಜ್ಜೆಗೆ ಕಡಿಮೆ, ಅರ್ಧ ಹೆಜ್ಜೆಗೆ ಜಾಸ್ತಿ. ಮೊದಲ ವಾರ ಮನೆಗೆ ಬಂದು ಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಮಲಗಿದ್ದೆ.

ಒಂದು ವಿಷಯ ಅವತ್ತೇ ಗಮನಕ್ಕೆ ಬಂತು. ಇವರು ಹಳಿಗಿಂತ ಜಾಸ್ತಿ ಪಕ್ಕದ ಗುಡ್ಡವನ್ನೇ ನೋಡುತ್ತಿದ್ದರು. ಕೇಳಿಯೇಬಿಟ್ಟೆ. "ಅಣ್ಣ, ಹಳಿ ನೋಡೋದು ಬಿಟ್ಟು ಗುಡ್ಡ ನೋಡ್ತೀರಲ್ಲ?"

"ಹಳಿ ಕಬ್ಬಿಣ ತಂಗಿ. ಅದು ಎಲ್ಲಿಗೂ ಓಡಿ ಹೋಗೂದಿಲ್ಲ. ಓಡೂದು ಮಣ್ಣು."

ಪೂರ್ತಿ ಸರಿ ಅಂತ ಹೇಳಲಾರೆ. ಹಳಿಯೂ ಓಡುತ್ತದೆ. ಒಂದು ಕಿ.ಮೀ. ಹಳಿಯನ್ನು ಹಿಡಿತವಿಲ್ಲದೆ ಬಿಟ್ಟು 30 ಡಿಗ್ರಿ ಬಿಸಿ ಏರಿಸಿದರೆ ಸುಮಾರು 34 ಸೆಂ.ಮೀ. ಉದ್ದ ಬೆಳೆಯುತ್ತದೆ. ಬೆಸೆದ ಹಳಿಗೆ ಹಾಗೆ ಬೆಳೆಯಲು ಕ್ಲಿಪ್ಪು, ಸ್ಲೀಪರು, ಜಲ್ಲಿ ಬಿಡುವುದಿಲ್ಲ. ಆ ಒತ್ತಡ ಎಲ್ಲ ಹಳಿಯ ಒಳಗೇ ಇರುತ್ತದೆ. ಹಿಡಿತ ತಪ್ಪಿದರೆ ಹಳಿ ಹಾವಿನ ಹಾಗೆ ಸೊಟ್ಟಗಾಗುತ್ತದೆ. ಬಳ್ಳಾರಿ, ಕಲಬುರಗಿಯ ಬಿಸಿಲಿನಲ್ಲಿ ಹಳಿ ಕಾಯುವವರಿಗೆ ಇದೇ ದೊಡ್ಡ ತಲೆನೋವು. ನಮ್ಮಲ್ಲಿ ಬೆವರು ಜಾಸ್ತಿ ಆದರೂ ಚಳಿ ಬಿಸಿಲಿನ ನಡುವೆ ಅಷ್ಟು ದೊಡ್ಡ ಅಂತರ ಇಲ್ಲ. ನಮ್ಮ ತಲೆನೋವು ಬೇರೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ.

ಎರಡನೇ ವಾರ ಸೆಕ್ಷನ್ ಇಂಜಿನಿಯರ್ ಸರ್ ಟ್ರಾಲಿಯಲ್ಲಿ ಕರೆದುಕೊಂಡು ಹೋದರು. ಹಿಂದಿನಿಂದ ಜನ ತಳ್ಳುವ ಟ್ರಾಲಿ, ಮೇಲೆ ಬೆಂಚು. ದಾರಿಯಲ್ಲಿ ಪರೀಕ್ಷೆ ಶುರು. "ಹಳಿ ಕೆಳಗೆ ಜಲ್ಲಿ ಯಾಕೆ ಹಾಕ್ತಾರೆ?" ನಾನು ಪುಸ್ತಕದ ಉತ್ತರ ಕೊಟ್ಟೆ: ಭಾರ ಹಂಚಲು, ಹಳಿ ಅಲುಗಾಡದ ಹಾಗೆ ಹಿಡಿಯಲು. "ಮತ್ತೆ?" ಅಂದರು. ಸುಮ್ಮನಿದ್ದೆ. "ನೀರು ಮೇಡಂ, ನೀರು" ಅಂದರು. ಜಲ್ಲಿ ಗಾತ್ರ 20ರಿಂದ 65 ಮಿ.ಮೀ. ಒಳಗೇ ಇರಬೇಕು ಅನ್ನುವುದು, ಪುಡಿ ಸೇರಬಾರದು ಅನ್ನುವುದು, ಕೆಳಗಿನ ಮಣ್ಣಿನ ಮೇಲ್ಮೈಯನ್ನು ಬದಿಗೆ 30ಕ್ಕೆ 1ರ ಹಾಗೆ ಇಳಿಜಾರು ಮಾಡುವುದು, ಇದರಲ್ಲೆಲ್ಲ ನೀರಿನ ಲೆಕ್ಕ ಇದೆ. ಮೇಲೆ ಬಿದ್ದ ನೀರು ಕಲ್ಲಿನ ಸಂದಿಯಲ್ಲಿ ಇಳಿದು, ಬದಿಗೆ ಹರಿದು, ಚರಂಡಿ ಸೇರಬೇಕು. ನಮ್ಮ ಊರಿನ ಮುರಕಲ್ಲು ಎಷ್ಟೇ ಇದ್ದರೂ ಜಲ್ಲಿಗೆ ಬರುವುದಿಲ್ಲ, ಪುಡಿಯಾಗಿ ಸಂದಿ ಮುಚ್ಚಿಬಿಡುತ್ತದೆ. ಗಟ್ಟಿ ಕರಿಕಲ್ಲೇ ಬೇಕು.

ನೀರು ಹೋಗದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಅವತ್ತೇ ನೋಡಿದೆ. ಎರಡೂ ಕಡೆ ಗುಡ್ಡ ಕಡಿದು ಮಾಡಿದ ದಾರಿಗೆ ಕಟಿಂಗ್ ಅಂತಾರೆ. ಒಂದು ಕಟಿಂಗಿನಲ್ಲಿ ಫೆಬ್ರವರಿ ತಿಂಗಳಲ್ಲೂ ಜಲ್ಲಿ ಒದ್ದೆ. ಒರತೆ. ಟ್ರಾಲಿ ಇಳಿದು ಬದಿಗೆ ನಿಂತೆವು. ಗೂಡ್ಸ್ ಗಾಡಿ ಬಂತು. ಒಂದೊಂದು ಗಾಲಿ ದಾಟುವಾಗಲೂ ಸ್ಲೀಪರು ಒಂಚೂರು ಕೆಳಗೆ ಹೋಗಿ ಮೇಲೆ ಬರುತ್ತದೆ. ಪ್ರತಿ ಸಲವೂ ಕಲ್ಲಿನ ಸಂದಿಯಿಂದ ಬಿಳಿ ಗಂಜಿಯ ಹಾಗೆ ಏನೋ ಪುಚಕ್ ಪುಚಕ್ ಅಂತ ಮೇಲೆ ಬರುತ್ತಿತ್ತು. ಅದಕ್ಕೆ ಅವರ ಭಾಷೆಯಲ್ಲಿ ಪಂಪಿಂಗ್. ಜಲ್ಲಿಯ ಒಳಗೆ ಕೆಸರು ತುಂಬಿ ಅದು ಜಲ್ಲಿಯಾಗಿ ಉಳಿಯುವುದೇ ಇಲ್ಲ. ಆ ಬಿಳಿ ಗಂಜಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ನುಣ್ಣಗೆ, ಪೌಡರಿನ ಹಾಗೆ. ಥಟ್ಟನೆ ನೆನಪಾದದ್ದು ಅಜ್ಜಿಯ ಕೈ.

ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತದೆ. ಶೇಡಿ! ಅಜ್ಜಿ ಹಬ್ಬದ ಮುಂಚೆ ತುಳಸಿಕಟ್ಟೆಗೆ ಶೇಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಗುಡ್ಡದ ಬದಿಯಿಂದ ಕೆರೆದು ತಂದ ಬಿಳಿ ಮಣ್ಣಿನ ಉಂಡೆ. ತೆಂಗಿನ ಚಿಪ್ಪಿನಲ್ಲಿ ನೀರು ಹಾಕಿ ಅದನ್ನು ಬಿಟ್ಟರೆ ಸಾಕು, ಕಲಕುವುದೇ ಬೇಡ, ತಾನೇ ಕರಗಿ ಹಾಲಾಗುತ್ತದೆ. ಅಜ್ಜಿಗೆ ಅದು ಅನುಕೂಲ. ರೈಲಿಗೆ ಅದೇ ಕಂಟಕ.

ನಮ್ಮ ಗುಡ್ಡವನ್ನು ಕಡಿದು ನೋಡಿದರೆ ಮೇಲೆ ಮುರಕಲ್ಲಿನ ಗಟ್ಟಿ ಟೋಪಿ. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಬಂದದ್ದು 1807ರಲ್ಲಿ, ಮಲಬಾರಿನ ಅಂಗಡಿಪುರಂನಲ್ಲಿ ಇದನ್ನು ನೋಡಿ ಬರೆದ ಫ್ರಾನ್ಸಿಸ್ ಬುಕಾನನ್‌ನಿಂದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಅಂತ ಅರ್ಥ. ಮೊನ್ನೆ ಮನೆ ಕಟ್ಟಿಸಿದವರಿಗೆ ಕಲ್ಲಿನ ರೇಟು ಗೊತ್ತು, ಇಟ್ಟಿಗೆಗಿಂತ ದುಬಾರಿ. ಇರಲಿ. ಈ ಟೋಪಿಯ ಕೆಳಗೆ ಶೇಡಿ, ಅದರ ಕೆಳಗೆ ಗಟ್ಟಿ ಬಂಡೆ. ಶೇಡಿ ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕಡಿದವರಿಗೆ ಧೈರ್ಯ ಬರುವುದು ಅಲ್ಲೇ. ಬೇಸಿಗೆಯಲ್ಲಿ ಕಡಿದಾಗ ಎಷ್ಟು ಚಂದ ನಿಂತಿದೆ ನೋಡಿ ಅಂತ ಫೋಟೋ ತೆಗೆಯುತ್ತೇವೆ. ಮಳೆಯ ನೀರು ಮುರಕಲ್ಲಿನ ತೂತುಗಳಿಂದ ಇಳಿದು ಶೇಡಿ ಸೇರಿದ ಮೇಲೆ ಅದೇ ಗೋಡೆ ಅಂಬಲಿ. ರೈಲಿಗೆ ಮಾತ್ರ ಅಲ್ಲ, ಹೆದ್ದಾರಿ ಬದಿಗೂ, ಗುಡ್ಡ ಕಡಿದು ಕಟ್ಟಿದ ನಮ್ಮ ನಿಮ್ಮ ಮನೆಗಳ ಹಿಂದೆಯೂ ಆಗುವುದು ಇದೇ.

ಮಂಗಳೂರಿನವರಿಗೆ 2019ರ ಆಗಸ್ಟ್ ನೆನಪಿರಬೇಕು. ಪಡೀಲ್ ಮತ್ತು ಕುಲಶೇಖರದ ನಡುವೆ ಗುಡ್ಡ ಬಂದು ಹಳಿ ಮೇಲೆ ಕೂತಿತು. ತೆಗೆದಷ್ಟೂ ಮಣ್ಣು ಮತ್ತೆ ಜಾರಿತು. ಕೊನೆಗೆ ಹಳೆ ಹಳಿ ಬಿಟ್ಟು, ಪಕ್ಕದಲ್ಲೇ ಸುಮಾರು 400 ಮೀಟರ್ ಹೊಸ ಹಳಿ ಹಾಕಿ ರೈಲು ಬಿಟ್ಟರು. 2024ರ ಜುಲೈ ಕೊನೆಯಲ್ಲಿ ಘಾಟಿಯಲ್ಲಿ ಆದದ್ದು ಇನ್ನೊಂದು ಥರ. ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಮೇಲಿನಿಂದ ಬೀಳಲಿಲ್ಲ, ಹಳಿಯ ಕೆಳಗಿನದೇ ಜಾರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಮೇಲೆ ಸೇತುವೆ, 50 ಮೀಟರಿಗೆ 1 ಮೀಟರಿನ ಏರು. ಮಷೀನ್ ತರಬೇಕಾದರೂ ಹಳಿ ಮೇಲೆಯೇ ತರಬೇಕು. ಕಲ್ಲು, ಮರಳಿನ ಚೀಲ, ಕಲ್ಲು ತುಂಬಿದ ತಂತಿಬುಟ್ಟಿ ಪೇರಿಸಿ ಕೆಳಗಿನಿಂದ ಕಟ್ಟಿಕೊಂಡು ಬಂದರು. ಎರಡೂ ಕಡೆ ಸುರಂಗ, ಸೇತುವೆಗಳಿಗೆ ಏನೂ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ಕೈಕೊಟ್ಟದ್ದು ಮಣ್ಣು, ಕೈಕೊಡಿಸಿದ್ದು ನೀರು.

ಈಗ ಆ ಚರಂಡಿಯ ಕತೆ.

ಕಟಿಂಗಿಗೆ ಎರಡು ಚರಂಡಿ ಇರುತ್ತವೆ. ಹಳಿಯ ಬದಿಯಲ್ಲಿ ಒಂದು, ಅದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಗುಡ್ಡದ ತಲೆಯ ಮೇಲೆ, ಕಡಿದ ಅಂಚಿನಿಂದ ಸ್ವಲ್ಪ ಹಿಂದೆ. ಮೇಲಿನ ಹಾಡಿಯಿಂದ, ಗದ್ದೆಯಿಂದ ಬರುವ ನೀರು ಇಳಿಜಾರಿಗೆ ಬರುವ ಮೊದಲೇ ತಡೆದು ಬದಿಗೆ ಕಳಿಸುವುದು ಅದರ ಕೆಲಸ. ಕ್ಯಾಚ್‌ವಾಟರ್ ಡ್ರೇನ್ ಅಂತ ಹೆಸರು. ಆದರೆ ಹಳಿ ರಿಪೇರಿ ಮಾಡುವ ಗ್ಯಾಂಗಿನವರು ಅದನ್ನು ಕರೆಯುತ್ತಿದ್ದದ್ದು ಕಣಿ ಅಂತ. ಅಡಿಕೆ ತೋಟದ ಕಣಿ! ನಮ್ಮ ಅಪ್ಪ ವರ್ಷಾ ವರ್ಷ ಮಳೆ ಮೊದಲು ಆಳು ಹಿಡಿದು ತೆಗೆಸುತ್ತಿದ್ದದ್ದು ಅದನ್ನೇ. "ಪತ್ತನಾಜೆ ಒಳಗೆ ಕಣಿ ಮುಗಿಯಬೇಕು" ಅನ್ನುವುದು ಮನೆಯಲ್ಲಿ ಕೇಳಿದ ಮಾತು. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಸುಮಾರಿಗೆ ಬರುತ್ತದೆ. ರೈಲ್ವೆಯ ಮಳೆಗಾಲದ ತಯಾರಿ ಕಾಗದದಲ್ಲಿ ಬೇರೆ ತಾರೀಕು ಇರಬಹುದು, ಆದರೆ ನಮ್ಮ ಗ್ಯಾಂಗಿನ ತುಳು ಮೇಸ್ತ್ರಿ ಲೆಕ್ಕ ಹಾಕುತ್ತಿದ್ದದ್ದು ಪತ್ತನಾಜೆಗೇ.

ಮೇಲಿನ ಕಣಿ ಮಣ್ಣಿನದೇ ಇದ್ದರೆ ಇಲ್ಲದಿರುವುದಕ್ಕಿಂತ ಕೆಟ್ಟದು. ನೀರು ಹರಿಯದೆ ನಿಂತು, ಅಲ್ಲೇ ಇಂಗಿ, ನೇರ ಶೇಡಿಗೆ ಇಳಿಯುತ್ತದೆ. ನಾವೇ ಕೈಯಾರೆ ಗುಡ್ಡಕ್ಕೆ ನೀರು ಕುಡಿಸಿದ ಹಾಗೆ. ಅದಕ್ಕೆ ತಳಕ್ಕೆ ಕಾಂಕ್ರೀಟು ಹಾಕುತ್ತಾರೆ. ಹಾಗೆ 120 ಮೀಟರ್ ಉದ್ದದ ಒಂದು ಕಣಿಗೆ ಲೆವೆಲ್ ಹಾಕಿ ಗೂಟ ಹೊಡೆಯುವ ಕೆಲಸ ನನಗೆ ಕೊಟ್ಟರು. 400ಕ್ಕೆ 1 ಇಳಿಜಾರು. ಅಂದರೆ ಆ ತುದಿಯಿಂದ ಈ ತುದಿಗೆ ಬರೀ 30 ಸೆಂ.ಮೀ. ಇಳಿಕೆ. ಹತ್ತು ಮೀಟರಿಗೆ ಎರಡೂವರೆ ಸೆಂ.ಮೀ.

ಬೆಳಗ್ಗೆ ಹತ್ತು ಗಂಟೆಗೆ ಬಿಸಿಲು ಸುಡುತ್ತಿತ್ತು. ಆಟೋ ಲೆವೆಲ್, ಅಂದರೆ ಎತ್ತರ ಅಳೆಯುವ ದುರ್ಬೀನು, ಇಟ್ಟು ಮೊದಲ 60 ಮೀಟರ್ ಮುಗಿಸಿದೆ. ಇನ್ನು ಉಪಕರಣ ಮುಂದೆ ಇಡಬೇಕು. ಸರ್ವೇ ಓದಿದವರಿಗೆ ಗೊತ್ತು, ಆಗ ಒಂದು ಚೇಂಜ್ ಪಾಯಿಂಟ್ ಬೇಕು, ಅಂದರೆ ಹಳೆ ಜಾಗದಿಂದಲೂ ಹೊಸ ಜಾಗದಿಂದಲೂ ಎತ್ತರ ಓದುವ ಒಂದೇ ಬಿಂದು. ಅದು ಅಲುಗಾಡಬಾರದು. ಕಲ್ಲಿಗೆ ಹೊಡೆದ ಮೊಳೆ, ಕಾಂಕ್ರೀಟಿನ ಮೂಲೆ, ಅಂಥದ್ದು. ನಾನು ಅಲ್ಲೇ ರಾಶಿ ಹಾಕಿದ್ದ ಜಲ್ಲಿಯ ಮೇಲೆ ಸ್ಟಾಫ್, ಅಂದರೆ ಅಳತೆಯ ಗುರುತಿರುವ ಕೋಲು, ಹಿಡಿಸಿದೆ. ರೀಡಿಂಗ್ ಬರೆದುಕೊಂಡು ಉಪಕರಣ ಹೊತ್ತು ಮುಂದೆ ನಡೆದೆ. ಅಷ್ಟರಲ್ಲಿ ಸ್ಟಾಫ್ ಹಿಡಿದವನಿಗೆ ಬಾಯಾರಿತು, ಪಾಪ. ನೀರು ಕುಡಿದು ಬಂದು ಸ್ಟಾಫನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟ. ಅದೇ ಜಾಗ, ಬೇರೆ ಕಲ್ಲು. ಪಕ್ಕದ್ದು, ಒಂದು ಕಲ್ಲಿನಷ್ಟು ಎತ್ತರದ್ದು. ಆರು ಸೆಂ.ಮೀ.

ಕೆಲಸ ಮುಗಿದ ಮೇಲೆ ವಾಪಸ್ ಮೊದಲಿನ ಬೆಂಚ್‌ಮಾರ್ಕಿಗೆ, ಅಂದರೆ ಎತ್ತರ ಗೊತ್ತಿರುವ ಗುರುತಿಗೆ, ಬಂದು ಲೆಕ್ಕ ಮುಚ್ಚಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು. ಊಟದ ಹೊತ್ತಾಗಿತ್ತು. ಮುಚ್ಚಲಿಲ್ಲ.

ಕಾಂಕ್ರೀಟು ಕೆಲಸದ ಮೇಸ್ತ್ರಿ (ಗ್ಯಾಂಗಿನ ಮೇಸ್ತ್ರಿ ಅಲ್ಲ) ನನ್ನ ಗೂಟ ನೋಡಿಕೊಂಡು ಕಾಂಕ್ರೀಟು ಹಾಕುತ್ತಾ ಬಂದ. ಮೇಲಿನ ಅರ್ಧ ಆಯಿತು, ಕೆಳಗಿನ ಅರ್ಧದಲ್ಲಿ 30 ಮೀಟರ್ ಆಯಿತು. ಮೇ ಕೊನೆಯಲ್ಲಿ ಒಂದು ಸಂಜೆ ಗುಡುಗು ಮಳೆ ಬಂತು. ಮರುದಿನ ಹೋಗಿ ನೋಡಿದರೆ ನಟ್ಟ ನಡುವೆ ಹದಿನೈದು ಮೀಟರ್ ಉದ್ದಕ್ಕೆ ನೀರು ನಿಂತಿದೆ. ಒಂದು ಕಪ್ಪೆ ಆಗಲೇ ಸಂಸಾರ ಹೂಡಿತ್ತು. ಲೆವೆಲ್ ಮತ್ತೆ ಹಾಕಿದೆವು. ಕೆಳಗಿನ ಅರ್ಧ ಪೂರ್ತಿ ಆರು ಸೆಂ.ಮೀ. ಮೇಲಿದೆ.

ಬೈಗುಳ ತಿನ್ನಲು ತಯಾರಾಗಿ ನಿಂತಿದ್ದೆ. ಸರ್ ನನ್ನ ಫೀಲ್ಡ್ ಬುಕ್ಕು ಇಸಿದುಕೊಂಡು, ಚೇಂಜ್ ಪಾಯಿಂಟಿನ ಸಾಲಿಗೆ ಬೆರಳಿಟ್ಟು, "ಇಲ್ಲಿ ಸ್ಟಾಫ್ ಯಾವುದರ ಮೇಲಿತ್ತು?" ಅಂತ ಕೇಳಿದರು. ಜಲ್ಲಿ ಅಂದೆ. ಅಷ್ಟೇ. ಬೈಯಲಿಲ್ಲ. ಅದಕ್ಕಿಂತ ಕಷ್ಟದ್ದು, ಕಾಂಕ್ರೀಟು ಒಡೆಯುವಾಗ ನನ್ನನ್ನು ಅಲ್ಲೇ ನಿಲ್ಲಿಸಿದರು. ಈ ಕಾಂಕ್ರೀಟು ಮೇಸ್ತ್ರಿ ಬಾಗಲಕೋಟೆಯವರು. "ಅಕ್ಕಾರ, ಮುಂದಿನ ಸಲ ನಾವs ಟ್ಯೂಬಿನ್ಯಾಗ ನೀರ ಹಾಕಿ ಲೆವೆಲ್ ಹಿಡೀತೀವಿ ಬಿಡ್ರಿ" ಅಂದರು. ನಗುತ್ತಲೇ ಅಂದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಸಮ ಮಾಡುವ ಅವರ ಉಪಾಯಕ್ಕೆ ಖರ್ಚು ಕಡಿಮೆ, ತಪ್ಪಲು ದಾರಿಯೂ ಕಡಿಮೆ. ಇವತ್ತಿಗೂ ಸಣ್ಣ ಕೆಲಸದಲ್ಲಿ ನನ್ನ ಲೆವೆಲನ್ನು ಅದರಿಂದಲೇ ತಾಳೆ ನೋಡುತ್ತೇನೆ.

ಜೂನ್ ಮೊದಲ ವಾರ ತರಬೇತಿ ಮುಗಿಯಿತು. ಆದರೆ ಆ ಕಣಿಯಲ್ಲಿ ನೀರು ಹರಿಯುವುದನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲ. ಕೇಳಿಕೊಂಡು ಇನ್ನೂ ಹತ್ತು ದಿನ ಉಳಿದೆ. ಆ ಹತ್ತು ದಿನದಲ್ಲಿ ಕಲಿತದ್ದು ಮೊದಲಿನ ನಾಲ್ಕು ತಿಂಗಳಿಗಿಂತ ಜಾಸ್ತಿ ಅಂದರೂ ತಪ್ಪಿಲ್ಲ.

ಮಳೆಗಾಲದಲ್ಲಿ ಕೊಂಕಣ ದಾರಿಯ ರೈಲುಗಳಿಗೆ ಬೇರೆ ಟೈಮ್‌ಟೇಬಲ್ ಇರುವುದು ನಿಮಗೆ ಗೊತ್ತು. ಮುಂಬೈಗೆ ಹೋಗುವವರು ಬೈಯುತ್ತಾ ಹೋಗುತ್ತಾರೆ. ಅದರ ಹಿಂದೆ ನೋವಿದೆ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಕುಸಿದ ಗುಡ್ಡಕ್ಕೆ ರೈಲು ಹೊಡೆದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನಿನಲ್ಲಿ ಮತ್ತೊಂದು ಅಪಘಾತ, ಹಳಿ ಮೇಲೆ ಬಿದ್ದ ಬಂಡೆಯಿಂದ. ಆಮೇಲೆ ಇಳಿಜಾರುಗಳಿಗೆ ತಂತಿಬಲೆ ಬಂತು, ಕಟಿಂಗುಗಳನ್ನು ಅಗಲ ಮಾಡಿದರು, ಮಳೆಗಾಲದ ವೇಗ ಇಳಿಯಿತು. ಮಳೆ ಜೋರಾಗಿ ದಾರಿ ಕಾಣದಿದ್ದರೆ ಲೋಕೋ ಪೈಲಟ್ 40ರ ವೇಗದಲ್ಲಿ ಓಡಿಸಬೇಕು. ಉಡುಪಿ, ಭಟ್ಕಳದಂಥ ಸ್ಟೇಷನ್ನುಗಳಲ್ಲಿ ತಾನೇ ದಾಖಲಿಸುವ ಮಳೆಮಾಪಕಗಳಿವೆ. ಇಷ್ಟೆಲ್ಲ ಇದ್ದರೂ ಕೊನೆಗೆ ಕಟಿಂಗ್ ಕಾಯುವುದು ಒಬ್ಬ ಮನುಷ್ಯ, ಒಂದು ಟಾರ್ಚು, ಒಂದು ವಾಕಿಟಾಕಿ.

ರಾತ್ರಿ ಪಾಳಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಹಗಲಿನ ಗಸ್ತಿಗೆ ಹೋದೆ, ಅದೇ ಅಂಕೋಲೆಯ ಅಣ್ಣನ ಜೊತೆ. ರೈನ್‌ಕೋಟಿನ ಒಳಗೆ ಬೆವರು, ಹೊರಗೆ ಮಳೆ. ನಡೆಯುತ್ತಲೇ ಪಾಠ. ಗುಡ್ಡ ಬಿದ್ದದ್ದು ಕಂಡರೆ ಏನು ಮಾಡ್ತಿ? ಫೋನ್ ಮಾಡ್ತೇನೆ ಅಂದೆ. "ಸಿಗ್ನಲ್ ಇಲ್ಲ, ಏನು ಮಾಡ್ತಿ?" ರೈಲು ಬರುವ ದಿಕ್ಕಿಗೆ ಕೆಂಪು ಬಾವುಟ ಹಿಡಿದು ಓಡಬೇಕು. 600 ಮೀಟರಿನಲ್ಲಿ ಹಳಿ ಮೇಲೆ ಒಂದು ಡಿಟೋನೇಟರ್. 1200 ಮೀಟರಿನಲ್ಲಿ ಮೂರು, ಒಂದಕ್ಕೊಂದು 10 ಮೀಟರ್ ದೂರ. ಗಾಲಿ ಹತ್ತಿದಾಗ ದೀಪಾವಳಿ ಪಟಾಕಿ ಹಾಗೆ ಸಿಡಿಯುತ್ತದೆ, ಚಾಲಕ ಬ್ರೇಕ್ ಹಾಕುತ್ತಾನೆ. 1200 ಮೀಟರ್ ಜಲ್ಲಿ ಮೇಲೆ, ಮಳೆಯಲ್ಲಿ, ಬೂಟು ಹಾಕಿಕೊಂಡು ಓಡುವುದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಸರ್ವಿಸಿನಲ್ಲಿ ಎರಡು ಸಲ ಓಡಿದ್ದೇನೆ ಅಂದರು. ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕಣಿ ಇರುವ ಕಟಿಂಗಿಗೆ ಬಂದೆವು. ತಡೆಗೋಡೆಯಲ್ಲಿ ನೀರು ಹೊರಬರಲು ಬಿಟ್ಟ ತೂತುಗಳ ಎದುರು ಅವರು ನಿಂತರು. ಸುಮಾರು ತೂತುಗಳಿಂದ ನೀರು ಸುರಿಯುತ್ತಿತ್ತು. ನನಗೆ ಗಾಬರಿ. ಅವರು ಬೊಗಸೆ ಒಡ್ಡಿ ನೀರು ಹಿಡಿದು ನೋಡಿದರು. "ಚೊಕ್ಕ ಉಂಟು. ಬರ್ಲಿ, ಎಷ್ಟು ಬೇಕಾದ್ರೂ ಬರ್ಲಿ."

ಆಮೇಲೆ ವಿವರಿಸಿದರು. ತಿಳಿ ನೀರು ಎಷ್ಟು ಬಂದರೂ ಒಳ್ಳೆಯದೇ, ಗುಡ್ಡದ ಒಳಗಿನ ಭಾರ ಇಳಿಯುತ್ತಿದೆ ಅಂತ ಅರ್ಥ. ಕೆಂಪು ನೀರು ಬಂದರೆ ಮೇಲಿನ ಮಣ್ಣು ತೊಳೆದು ಬರುತ್ತಿದೆ, ಕಣ್ಣಿಡಬೇಕು. ಬಿಳಿ ನೀರು ಬಂದರೆ ಅಲ್ಲಿಂದ ಅಲುಗಾಡಬಾರದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಶೇಡಿ ಒಳಗಿನಿಂದ ಖಾಲಿಯಾಗುತ್ತಿದೆ. ಮತ್ತೆ, ನಿನ್ನೆ ಬರುತ್ತಿದ್ದ ನೀರು ಇವತ್ತು ಒಮ್ಮೆಗೇ ನಿಂತರೆ? ಅದು ಎಲ್ಲಕ್ಕಿಂತ ಕೆಟ್ಟದ್ದು. ತೂತು ಕಟ್ಟಿದೆ, ನೀರು ಒಳಗೇ ನಿಂತಿದೆ.

ನಾನು ಮುಂದೆ ಎಂ.ಟೆಕ್‌ನಲ್ಲಿ ಇದನ್ನೇ ದೊಡ್ಡ ದೊಡ್ಡ ಹೆಸರಿನಲ್ಲಿ ಓದಿದೆ. ಪೋರ್ ಪ್ರೆಶರ್ ಅಂದರೆ ಮಣ್ಣಿನ ಸಂದಿಯ ನೀರಿನ ಒತ್ತಡ, ಇಂಟರ್ನಲ್ ಎರೋಷನ್ ಅಂದರೆ ಒಳಗಿನಿಂದ ಮಣ್ಣು ಕೊಚ್ಚಿ ಹೋಗುವುದು. ಹೊಸದೇನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಷ್ಟು ನೀರಿಗೆ ಎಷ್ಟು ಬಲ ಕಡಿಮೆ ಅನ್ನುವ ಲೆಕ್ಕ ಸಿಕ್ಕಿತು. ಆ ಲೆಕ್ಕ ಇಲ್ಲದೆ ಗೋಡೆ ಕಟ್ಟಲಾಗುವುದಿಲ್ಲ. ಆದರೆ ಈಗಲೂ ಯಾರಾದರೂ ಇಳಿಜಾರಿಗೆ ಕಾಂಕ್ರೀಟು ಎರಚಿ ಕೊಡಿ ಅಂತ ಬಂದರೆ ನಾನು ಮೊದಲು ಕೇಳುವುದು ನೀರು ಎಲ್ಲಿಂದ ಹೊರಗೆ ಬರುತ್ತದೆ ಅಂತ. ತೂತು ಬಿಡದೆ ಕಾಂಕ್ರೀಟು ಎರಚುವುದು ಕೀವು ತುಂಬಿದ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದ ಹಾಗೆ. ಹೊರಗಿನಿಂದ ಚಂದ ಕಾಣುತ್ತದೆ, ಅಷ್ಟೇ.

ಪ್ರಶ್ನೆಗಳಿಗೆ ಬರೋಣ.

ಹಳಿಯ ಮೇಲೆ ರಸ್ತೆ ದಾಟಿಸುವ ಇಂದ್ರಾಳಿ ಸೇತುವೆಗೆ ಯಾಕೆ ಅಷ್ಟು ವರ್ಷ ಬೇಕಾಯಿತು? ಗೊತ್ತಿತ್ತು ನನಗೆ, ಉಡುಪಿಯಲ್ಲಿ ಮೈಕ್ ಹಿಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ ಅಂತ. ಆ ಫೈಲು ನಾನು ನೋಡಿದವಳಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ರೈಲು ಓಡುವ ದಾರಿಯ ಮೇಲೆ ಗರ್ಡರ್, ಅಂದರೆ ಸೇತುವೆಯ ತೊಲೆ, ತರಬೇಕಾದರೆ ಬ್ಲಾಕ್ ಬೇಕು. ಅಂದರೆ ಇಷ್ಟು ಗಂಟೆ ರೈಲು ಬಿಡುವುದಿಲ್ಲ ಅನ್ನುವ ಒಪ್ಪಿಗೆ. 2022ರಿಂದ ಕೊಂಕಣ ದಾರಿ ಪೂರ್ತಿ ವಿದ್ಯುತ್ತಿನದು, ಮೇಲೆ 25 ಸಾವಿರ ವೋಲ್ಟಿನ ತಂತಿ. ಅದನ್ನೂ ಬಂದ್ ಮಾಡಬೇಕು. ತಯಾರಿ ತಿಂಗಳುಗಟ್ಟಲೆ, ಕೆಲಸ ಕೆಲವು ಗಂಟೆ. ಮಿಕ್ಕಿದ್ದನ್ನು ನೀವು ಬೇರೆಯವರಲ್ಲೇ ಕೇಳಬೇಕು.

ಹುಡುಗಿಯರನ್ನು ಕಳಿಸಬಹುದಾ ಅಂತ ಹಿಂದಿನ ಸಾಲಿನ ಅಮ್ಮ ಕೇಳಿದ್ದಾರೆ. ಕಳಿಸಿ ಅಮ್ಮ. ಜನರ ಬಗ್ಗೆ ನನಗೆ ಒಂದು ದಿನವೂ ಹೆದರಿಕೆ ಆಗಲಿಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಹಳಿ ಮೇಲೆ ಟಾಯ್ಲೆಟ್ ಇಲ್ಲ. ಸ್ಟೇಷನ್ನಿಂದ ಸ್ಟೇಷನ್ನಿಗೆ ನಡೆಯುವ ದಿನ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಅದು ತಪ್ಪು, ಉರಿಮೂತ್ರ ಬಂದು ಒಂದು ವಾರ ಮನೆಯಲ್ಲಿ ಕೂತೆ. ದಾರಿಯ ಗೇಟು, ಹತ್ತಿರದ ಮನೆ ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಲಿ. ನಾಚಿಕೆ ಬೇಡ. ಮತ್ತೆ, ಇಯರ್‌ಫೋನ್ ಮನೆಯಲ್ಲೇ ಇಟ್ಟು ಹೋಗಲಿ. ವಿದ್ಯುತ್ ಎಂಜಿನ್ ಹಿಂದಿನಿಂದ ಬಂದರೆ ಗಾಳಿ ಮಳೆಯಲ್ಲಿ ಕೇಳಿಸುವುದೇ ಇಲ್ಲ.

ದುಡ್ಡು? ನನಗೆ ಸಿಗಲಿಲ್ಲ. ಬಸ್ಸಿನ ಖರ್ಚೂ ನಮ್ಮದೇ. ಮಧ್ಯಾಹ್ನ ಗ್ಯಾಂಗಿನವರ ಬುತ್ತಿಯಲ್ಲಿ ಪಾಲು ಸಿಗುತ್ತಿತ್ತು. ಅಂಕೋಲೆಯ ಅಣ್ಣನ ಮನೆಯ ಸೀಗಡಿ ಚಟ್ನಿ ಲೆಕ್ಕಕ್ಕೆ ಹಿಡಿದರೆ ನಷ್ಟ ಆಗಿಲ್ಲ.

ಚರಂಡಿ ಬಗ್ಗೆ ರಿಪೋರ್ಟ್ ಬರೆದರೆ ಮಾರ್ಕ್ಸ್ ಕೊಡ್ತಾರಾ? ಒಳ್ಳೆ ಪ್ರಶ್ನೆ. ನನ್ನ ಗೆಳತಿ ಸೇತುವೆಯ ಗರ್ಡರ್ ಬಗ್ಗೆ ಬರೆದಳು, ಬಣ್ಣ ಬಣ್ಣದ ಫೋಟೋ ಹಾಕಿ. ಅವಳಿಗೆ ನನಗಿಂತ ಜಾಸ್ತಿ ಬಂತು. ನನ್ನ ರಿಪೋರ್ಟಿನಲ್ಲಿ ಕಪ್ಪೆಯ ಫೋಟೋ ಇತ್ತು. ಪರೀಕ್ಷಕರು ಅದು ಯಾಕೆ ಅಂತ ಕೇಳಿದರು. ಆರು ಸೆಂ.ಮೀ. ಕತೆ ಪೂರ್ತಿ ಹೇಳಿದೆ. ನಕ್ಕರು, ಮಾರ್ಕ್ಸ್ ಮಾತ್ರ ಕೊಟ್ಟಷ್ಟೇ ಕೊಟ್ಟರು.

(ಇಷ್ಟಾಗುವಾಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಬಂದು ಲೋಟ ಎತ್ತಿ ಬೆಳಕಿಗೆ ಹಿಡಿದ. ಮುರಕಲ್ಲು ಹಾಕಿದ ಹಾಗೇ ಇತ್ತು, ನೀರು ಒಂಚೂರು ಕೆಂಪಾಗಿತ್ತು. ಇನ್ನೊಂದರಲ್ಲಿ ಉಂಡೆಯೇ ಇರಲಿಲ್ಲ. ತಳದಲ್ಲಿ ಮೆತ್ತಗಿನ ಗುಡ್ಡೆ, ಮೇಲೆ ಹಾಲು. ಲೋಟ ಕೈಯಿಂದ ಕೈಗೆ ಹೋಯಿತು. ಒಬ್ಬ ಅಜ್ಜಿ ಬೆರಳು ಅದ್ದಿ ಕುರ್ಚಿಯ ತೋಳಿನ ಮೇಲೆ ಒಂದು ಗೆರೆ ಎಳೆದು ನೋಡಿದರು. ಕಾರ್ಯಕ್ರಮ ಮುಗಿದ ಮೇಲೆ ಲೋಟ ವಾಪಸ್ ಕೊಡಲು ಕ್ಯಾಂಟೀನಿಗೆ ಹೋದೆ. ತೊಳೆಯಲು ಬಚ್ಚಲಿನ ಕಡೆ ಕೈ ಚಾಚಿದ್ದೇ ತಡ, ಒಳಗಿನಿಂದ ಕೂಗಿದರು: "ಶೇಡಿ ಅದು ಅಲ್ವಾ? ಚರಂಡಿಗೆ ಮಾತ್ರ ಹಾಕ್ಬೇಡಿ ಮಾರಾಯ್ರೆ, ಬ್ಲಾಕ್ ಆಗ್ತದೆ.")